ಚಳಿಗೆ ಹತ್ತಿದ ದೀಪ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏನೂ ಗೊತ್ತಿಲ್ಲದವರು ಘಟ್ಟದ ನಡುವೆ ಸಿಕ್ಕಿಬಿದ್ದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಗೊತ್ತಿದ್ದವಳು ಸಿಕ್ಕಿಬಿದ್ದರೆ ನಗುತ್ತಾರೆ. ನನ್ನ ವಿಷಯದಲ್ಲಿ ಎಲ್ಲರೂ ನಕ್ಕರು, ನ್ಯಾಯವಾಗಿಯೇ ನಕ್ಕರು.

ನಮ್ಮದು ಎಲೆಕ್ಟ್ರಿಕ್ ಕಾರು. ಅದಕ್ಕೆ ಸ್ಟೆಪ್ನಿ ಇಲ್ಲ. ಕೊಳ್ಳುವಾಗ ಷೋರೂಮಿನ ಹುಡುಗ ಡಿಕ್ಕಿಯ ಹಾಸು ಎತ್ತಿ, ಚಕ್ರ ಇರಬೇಕಾದ ಜಾಗದಲ್ಲಿ ಒಂದು ಚಿಕ್ಕ ಪೆಟ್ಟಿಗೆ ತೋರಿಸಿದ್ದ. ಒಳಗೆ ಅಂಗೈಯಗಲದ ಗಾಳಿ ಪಂಪು, ಒಂದು ಬಾಟಲಿ. "ಇದು ಸ್ಟೆಪ್ನಿಗಿಂತ ಅಡ್ವಾನ್ಸ್ಡ್ ಮೇಡಂ, ಮಂಡಿಯೂರಿ ಚಕ್ರ ಬಿಚ್ಚೋ ಕಷ್ಟವೇ ಇಲ್ಲ" ಅಂದ. ನನಗೆ ಖುಷಿಯಾಯಿತು. ಡಿಕ್ಕಿ ದೊಡ್ಡದಾಗಿ ಕಂಡಿತು. ಹಾಸನ್ನು ಮತ್ತೆ ಮುಚ್ಚಿದೆವು. ಆಮೇಲೆ ಅದನ್ನು ಎತ್ತುವ ಕೆಲಸ ಯಾರಿಗೂ ಬೀಳಲಿಲ್ಲ.

ಆ ಹುಡುಗ ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಅರ್ಧ ಮಾತ್ರ ಹೇಳಿದ್ದ. ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ, ಪಂಕ್ಚರ್ ರಿಪೇರಿ ಕಿಟ್ ಇವು ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲೇ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿದೆ. ಬ್ಯಾಟರಿಗೆ ಜಾಗ ಬೇಕು, ತೂಕ ಇಳಿಯಬೇಕು, ಕಂಪನಿಗೆ ಖರ್ಚೂ ಉಳಿಯಬೇಕು. ಕಾನೂನಿನ ಪ್ರಕಾರ ಎಲ್ಲ ಸರಿಯಿದೆ. ಆದರೆ ಈ ಏರ್ಪಾಡು ನಿಂತಿರುವುದು ಒಂದು ನಂಬಿಕೆಯ ಮೇಲೆ: ಎಚ್ಚರಿಕೆಯ ದೀಪ ಹತ್ತಿದಾಗ ಕಾರಿನ ಯಜಮಾನ ಇಳಿದು ಬಗ್ಗಿ ನೋಡುತ್ತಾನೆ. ಆ ನಂಬಿಕೆಗೆ ನಾನು ಅರ್ಹಳಾಗಿರಲಿಲ್ಲ.

ಕಾರು ತೆಗೆದುಕೊಂಡ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ, ಚಾರ್ಜಿನದು. ನಮ್ಮೂರು ಕೊಪ್ಪದಿಂದ ಹೊರಟರೆ ಎಲ್ಲಿ ಎಷ್ಟು ಉಳಿಯುತ್ತದೆ, ಘಟ್ಟ ಇಳಿಯುವಾಗ ಬ್ಯಾಟರಿಗೆ ಎಷ್ಟು ವಾಪಸು ಬರುತ್ತದೆ, ಹತ್ತುವಾಗ ಎಷ್ಟು ತಿನ್ನುತ್ತದೆ, ಎಲ್ಲ ಬಾಯಿಪಾಠ. ಸ್ಟಾಫ್ ರೂಮಿನಲ್ಲಿ ಯಾರಾದರೂ "ದಾರೀಲಿ ನಿಂತುಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರೆ ಕಾಗದ ಪೆನ್ನು ತೆಗೆದು ಗ್ರಾಫ್ ಬರೆದು ತೋರಿಸುತ್ತಿದ್ದೆ. ಆ ಗ್ರಾಫಿನಲ್ಲಿ ಟೈರ್ ಎಂಬ ಪದಾರ್ಥಕ್ಕೆ ಜಾಗವಿರಲಿಲ್ಲ. ಪೆಟ್ರೋಲ್ ಬೇಡದ ಕಾರಿಗೂ ಗಾಳಿಗಾಗಿ ಪೆಟ್ರೋಲ್ ಬಂಕಿಗೇ ಹೋಗಬೇಕು, ಹಾಗಾಗಿ ಹೋಗುವುದೇ ಅಪರೂಪವಾಗಿತ್ತು.

ಆಷಾಢದ ಮಳೆಯಲ್ಲಿ ಒಂದು ಬೆಳಿಗ್ಗೆ ಆ ಹಳದಿ ದೀಪ ಹತ್ತಿತು. ಕುದುರೆ ಲಾಳದೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಬಂಕಿಗೆ ಹೋದೆ. ಗಾಳಿ ಹಾಕುವ ಹುಡುಗ ನಾಲ್ಕೂ ಚಕ್ರ ನೋಡಿ ಹೇಳಿದ: "ಹಿಂದಿನ ಎಡಗಡೆದು 25 ಇತ್ತು ಮೇಡಂ, ಉಳಿದವೆಲ್ಲ 32. ಪಂಕ್ಚರ್ ಇರ್ಬೋದು, ನೋಡಿಸ್ಬಿಡಿ."

ನಾನು ಅವನಿಗೆ ಪಾಠ ಮಾಡಿದೆ. ಗಾತ್ರ ಬದಲಾಗದೆ ಇದ್ದಾಗ ಅನಿಲದ ಒತ್ತಡ ಅದರ ತಾಪಕ್ಕೆ ಅನುಗುಣವಾಗಿ ಏರಿಳಿಯುತ್ತದೆ, ಚಳಿಯಾದರೆ ಟೈರಿನ ಒತ್ತಡ ಇಳಿಯುತ್ತದೆ, ಮಳೆಗಾಲದಲ್ಲಿ ಇದೆಲ್ಲ ಸಹಜ ಎಂದೆ. ಮೊದಲ ಪಿಯು ತರಗತಿಯಲ್ಲಿ ಪ್ರತಿವರ್ಷ ಹೇಳುವ ಸಂಗತಿ, ಟೈರಿನದೇ ಉದಾಹರಣೆ ಕೊಟ್ಟು ಹೇಳುತ್ತೇನೆ. ಹುಡುಗ "ಹೌದಾ ಮೇಡಂ" ಅಂದ. ಗಾಳಿ ತುಂಬಿದ. ದೀಪ ಆರಿತು. ನನ್ನ ಸಿದ್ಧಾಂತ ಗೆದ್ದಿತು.

ಈಗ ಆ ಲೆಕ್ಕವನ್ನು ನೀವೇ ನೋಡಿ. ತಾಪ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನ ಒತ್ತಡ ಒಂದು ಪಿಎಸ್‌ಐನಷ್ಟು ಇಳಿಯುತ್ತದೆ. ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಕೊಪ್ಪದ ಮಳೆಗಾಲದಲ್ಲಿ ಏಳೆಂಟು ಡಿಗ್ರಿ ವ್ಯತ್ಯಾಸ ಬಂದರೆ ಹೆಚ್ಚು. ಅಂದರೆ ಚಳಿ ತಿನ್ನಬಹುದಾದದ್ದು ಒಂದು, ಒಂದೂವರೆ ಪಿಎಸ್‌ಐ. 33 ಇರಬೇಕಾದಲ್ಲಿ 25 ಆಗಬೇಕಾದರೆ ತಾಪ 50 ಡಿಗ್ರಿ ಇಳಿದಿರಬೇಕು. ಕೊಪ್ಪದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ! ಅಡಿಕೆ ತೋಟದ ತುಂಬ ಹಿಮ ಬಿದ್ದಿರಬೇಕಿತ್ತು. ಅದೂ ಹೋಗಲಿ ಎಂದರೆ, ನಾಲ್ಕು ಚಕ್ರಗಳಲ್ಲಿ ಹಿಂದಿನ ಎಡಗಡೆಯ ಒಂದಕ್ಕೆ ಮಾತ್ರ ಚಳಿ ಆಗುವುದು ಹೇಗೆ? ಇದೇ ಪ್ರಶ್ನೆಯನ್ನು ಪರೀಕ್ಷೆಗೆ ಕೊಟ್ಟು, ಯಾವ ವಿದ್ಯಾರ್ಥಿಯಾದರೂ ನನ್ನ ಹಾಗೆ ಉತ್ತರ ಬರೆದಿದ್ದರೆ ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ನಿಯಮ ಗೊತ್ತಿತ್ತು, ಅಂಕಿ ಹಾಕಿ ನೋಡಲಿಲ್ಲ. ಬಗ್ಗಿ ನೋಡುವುದಂತೂ ದೂರವೇ ಉಳಿಯಿತು.

ದೀಪ ಮತ್ತೆ ಹತ್ತಿತು. ನಾನು ಚಳಿಯನ್ನೇ ಬೈದುಕೊಂಡೆ.

ಆ ದೀಪ ಉರಿಯುತ್ತಿರುವಾಗಲೇ ಕಾರ್ಕಳದಲ್ಲಿರುವ ನಾದಿನಿಯ ಮಗಳ ಸೀಮಂತ ಬಂತು. ಅತ್ತೆಯನ್ನು ಕೂರಿಸಿಕೊಂಡು ಬೆಳಗ್ಗೆಯೇ ಹೊರಟೆ. ಡಿಕ್ಕಿಯಲ್ಲಿ ಚಕ್ಕುಲಿ ಡಬ್ಬ, ಕಜ್ಜಾಯದ ಡಬ್ಬ, ಮೂಟೆ ಕಟ್ಟಿದ ತೆಂಗಿನಕಾಯಿ, ಹೂವಿನ ಬುಟ್ಟಿ, ಎರಡು ಹಲಸಿನ ಹಣ್ಣು. ಶೃಂಗೇರಿ ದಾಟುವ ಹೊತ್ತಿಗೆ ಅತ್ತೆ ಕೇಳಿದರು.

"ಅದೆಂಥ ದೀಪ ಉರೀತಿದೆಯಲ್ಲೇ?"

"ಅದು ಚಳಿಗೆ ಅತ್ತೆ."

"ಕಾರಿಗೂ ಚಳಿ ಆಗ್ತದಾ?" ಎಂದು ಸುಮ್ಮನಾದರು. ಅವರ ಗಂಡ, ಅಂದರೆ ನಮ್ಮ ಮಾವ, ಅಂಬಾಸಿಡರ್ ಇಟ್ಟುಕೊಂಡಿದ್ದವರು. ಊರು ಬಿಡುವ ಮುಂಚೆ ಐದು ಚಕ್ರಗಳಿಗೂ ಗಾಳಿ ನೋಡಿಸುತ್ತಿದ್ದರಂತೆ. ಡಿಕ್ಕಿಯ ಸಾಮಾನೆಲ್ಲ ಇಳಿಸಿ ಐದನೆಯದಕ್ಕೂ ನೋಡಿಸುತ್ತಿದ್ದರು ಎಂದು ಅತ್ತೆ ಬೇಸರದಿಂದಲೇ ಹೇಳುತ್ತಿದ್ದುದುಂಟು. ಶೃಂಗೇರಿಯ ರಸ್ತೆ ಬದಿಯಲ್ಲಿ ಹಳೆ ಟೈರು ನೇತುಹಾಕಿಕೊಂಡ ಪಂಕ್ಚರ್ ಅಂಗಡಿಗಳು ಎಷ್ಟೋ ಇವೆ. ಅವನ್ನೆಲ್ಲ ನೋಡುತ್ತಲೇ ದಾಟಿದೆ.

ಕೆರೆಕಟ್ಟೆ ಕಳೆದರೆ ಮುಂದೆಲ್ಲ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ರಾಷ್ಟ್ರೀಯ ಹೆದ್ದಾರಿ 169 ಎಂಬ ಹೆಸರೇನೋ ದೊಡ್ಡದು, ಕಿರಿದಾದ ಟಾರು ರಸ್ತೆ, ಎರಡೂ ಕಡೆ ಹಸಿರು ಗೋಡೆ. ಮೊಬೈಲ್ ಸಿಗ್ನಲ್ ಇಲ್ಲ. ಕಳಸದ ಕಡೆಯಿಂದ ಬರುವ ರಸ್ತೆ ಸೇರುವ ಎಸ್.ಕೆ. ಬಾರ್ಡರ್ ದಾಟಿ ಮಾಳದ ಕಡೆಗೆ ಇಳಿಯುತ್ತಿದ್ದೆವು. ಎದುರಿಗೆ ಬಸ್ಸು ಬಂತು. ದಾರಿ ಬಿಡಲು ಎಡಕ್ಕೆ ಎಳೆದೆ. ಮಳೆಗೆ ಅಂಚು ಕೊಚ್ಚಿಹೋಗಿ ಟಾರಿನ ತುದಿ ಒಂದು ಗೇಣು ಎತ್ತರಕ್ಕೆ ನಿಂತಿತ್ತು. ಹಿಂದಿನ ಎಡ ಚಕ್ರ ಕೆಳಗಿಳಿದು, ಮತ್ತೆ ಹತ್ತುವಾಗ ಆ ಅಂಚು ಟೈರಿನ ಪಕ್ಕೆಯನ್ನು ಸೀಳಿತು.

ಗಾಳಿ ಸರಿಯಾಗಿದ್ದಿದ್ದರೆ ಅದು ಬಹುಶಃ ಉಜ್ಜಿಕೊಂಡು ಹೋಗುತ್ತಿತ್ತು. ಗಾಳಿ ಇಳಿದ ಟೈರಿನ ಪಕ್ಕೆ ಹೊರಗೆ ಉಬ್ಬಿಕೊಂಡಿರುತ್ತದೆ. ಸುತ್ತು ಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಬಿಸಿಯಾಗುತ್ತದೆ. ರಸ್ತೆಗೆ ತಾಗುವ ಮೈಯಲ್ಲಿ ರಬ್ಬರಿನ ಒಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಪಕ್ಕೆಯಲ್ಲಿ ಅವಿಲ್ಲ. ಅಲ್ಲಿರುವುದು ನೂಲಿನ ಪದರ ಮತ್ತು ತೆಳು ರಬ್ಬರು. ಮುಂಚೆಯೇ ಆ ಚಕ್ರದ ಮೈಯಲ್ಲಿ ಒಂದು ಮೊಳೆ ಕೂತು ದಿನವೂ ಚೂರು ಚೂರು ಗಾಳಿ ಬಿಡುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು. ಮೊಳೆ ತೆಗೆದು ಪಂಕ್ಚರ್ ಹಾಕಿಸಿದ್ದರೆ ಇನ್ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ.

ಕಾರು ಎಡಕ್ಕೆ ವಾಲಿತು. ನಾನು ಅಲ್ಲೇ, ತಿರುವಿನಲ್ಲೇ ನಿಲ್ಲಿಸಿದೆ. ಟೈರು ಹಾಳಾದೀತು ಎಂಬ ಕಾಳಜಿ! ಅತ್ತೆ ಹಿಂದೆ ತಿರುಗಿ ನೋಡಿ, "ಇಲ್ಲಿ ಬೇಡ, ಮುಂದೆ ತಗೊಂಡ್ಹೋಗು. ಮೇಲಿಂದ ಬರೋ ಲಾರಿಯವನಿಗೆ ನಾವು ಕಾಣೋದೇ ಇಲ್ಲ" ಅಂದರು. ಟೈರು ಹೋಗಿಯೇ ಹೋಗಿತ್ತು, ಇನ್ನು ಉಳಿಸಿಕೊಳ್ಳಬೇಕಾದದ್ದು ನಮ್ಮ ಜೀವ. ನಡಿಗೆಯ ವೇಗದಲ್ಲಿ ತೆವಳಿಸಿಕೊಂಡು ನೇರ ರಸ್ತೆಯ ಅಗಲ ಜಾಗಕ್ಕೆ ತಂದೆ. ಆ ಇಡೀ ದಿನ ಮಾಡಿದ ಸರಿಯಾದ ಕೆಲಸ ಅದೊಂದೇ, ಅದೂ ನನ್ನ ಬುದ್ಧಿಯದಲ್ಲ.

ಆಮೇಲೆ ಕಿಟ್. ಅದು ಎಲ್ಲದರ ಅಡಿಯಲ್ಲಿತ್ತು. ಮಳೆಯಲ್ಲಿ ನಿಂತು ಚಕ್ಕುಲಿ, ಕಜ್ಜಾಯ, ಕಾಯಿ ಮೂಟೆ, ಹಲಸಿನ ಹಣ್ಣುಗಳನ್ನು ಒಂದೊಂದಾಗಿ ಹಿಂದಿನ ಸೀಟಿಗೆ ಸಾಗಿಸಿ ಹಾಸು ಎತ್ತಿದೆ. ಬಾಟಲಿಯ ಮೇಲಿನ ತಾರೀಖು ನೋಡುವ ವ್ಯವಧಾನ ಇರಲಿಲ್ಲ. ಬಾಟಲಿಯನ್ನು ಪಂಪಿಗೆ ಕೂರಿಸಿ, ಕೊಳವೆಯನ್ನು ಚಕ್ರದ ವಾಲ್ವಿಗೆ ತಿರುಪಿ, ವೈರನ್ನು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಪಂಪು ಬೊಬ್ಬೆ ಹೊಡೆಯಿತು. ಬಾಟಲಿಯ ಬಿಳಿ ದ್ರವ ವಾಲ್ವಿನಿಂದ ಒಳಗೆ ಹೋಗಿ ಪಕ್ಕೆಯ ಸೀಳಿನಿಂದ ಅಷ್ಟೇ ರಭಸವಾಗಿ ಹೊರಗೆ ಚಿಮ್ಮಿತು. ನನ್ನ ರೇಷ್ಮೆ ಸೀರೆಯ ನೆರಿಗೆಯ ಮೇಲೆ ಮಜ್ಜಿಗೆಯ ಕೊಡ ಒಡೆದ ಹಾಗಾಯಿತು.

ಆ ದ್ರವ ಮಾಡುವ ಕೆಲಸಕ್ಕೆ ಒಂದು ಮಿತಿಯಿದೆ. ಅದರಲ್ಲಿ ರಬ್ಬರಿನ ಕಣಗಳಿರುತ್ತವೆ. ಟೈರಿನ ಮೈಯಲ್ಲಿ ಮೊಳೆ ಗಾತ್ರದ, ನಾಲ್ಕರಿಂದ ಆರು ಮಿಲಿಮೀಟರ್‌ವರೆಗಿನ ತೂತಿದ್ದರೆ ಗಾಳಿಯೊಂದಿಗೆ ಅಲ್ಲಿಗೆ ನುಗ್ಗಿ ಹೆಪ್ಪುಗಟ್ಟುತ್ತವೆ. ಕೂಡಲೇ ಸ್ವಲ್ಪ ದೂರ ಓಡಿಸಿದರೆ ದ್ರವ ಒಳಗೆಲ್ಲ ಹರಡುತ್ತದೆ, ಮತ್ತೆ ಗಾಳಿ ನೋಡಬೇಕು, ವೇಗ 80 ಮೀರಬಾರದು, ಸೀದಾ ಪಂಕ್ಚರ್ ಅಂಗಡಿಗೆ ಹೋಗಬೇಕು. ಪಕ್ಕೆ ಸೀಳಿದರೆ ಆ ದ್ರವವೂ ನಡೆಯದು, ಪಂಕ್ಚರ್ ಅಂಗಡಿಯವರು ತೂತಿಗೆ ತುರುಕುವ ರಬ್ಬರ್ ಪಟ್ಟಿಯೂ ನಡೆಯದು. ಕಾರಿನ ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದೆ. ಕೈಪಿಡಿ ಗ್ಲೌ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ಇತ್ತು.

ಇಷ್ಟರ ಮೇಲೆ ಇನ್ನೊಂದು ಸಂಗತಿ ಬಯಲಾಯಿತು. ಸ್ಟೆಪ್ನಿ ಇಲ್ಲದ ನನ್ನ ಕಾರಿಗೆ ಜಾಕಿಯೂ ಇಲ್ಲ, ವೀಲ್ ಸ್ಪ್ಯಾನರೂ ಇಲ್ಲ. ಬೇರೆಯವರ ಚಕ್ರ ಸಿಕ್ಕಿದರೂ ನನ್ನದನ್ನು ಬಿಚ್ಚುವ ದಾರಿಯಿರಲಿಲ್ಲ. ಇನ್ಶೂರೆನ್ಸ್ ಜೊತೆಗೆ ರಸ್ತೆ ಬದಿ ಸಹಾಯಕ್ಕೂ ದುಡ್ಡು ಕಟ್ಟಿದ್ದೆ. ಹೆದ್ದಾರಿ ಸಹಾಯವಾಣಿ 1033 ಎಂಬುದೂ ಗೊತ್ತಿತ್ತು. ಎರಡಕ್ಕೂ ಫೋನು ತಾಗಬೇಕು.

ಬಾಳೆಗೊನೆ ತುಂಬಿಕೊಂಡ ಪಿಕಪ್ ಒಂದು ಇಳಿದು ಬಂತು. ಬಜಗೋಳಿ ಕಡೆಯ ಹುಡುಗ. ಕೇಳುವ ಮುಂಚೆಯೇ ನಿಲ್ಲಿಸಿದ.

"ಎಂತ ಅಕ್ಕ, ಗಾಳಿ ಹೋಯ್ತಾ? ಸ್ಟೆಪ್ನಿ ತೆಗೀರಿ, ಹಾಕಿ ಕೊಡ್ತೇನೆ."

"ಸ್ಟೆಪ್ನಿ ಇಲ್ಲ ಮಾರಾಯ."

"ಮನೇಲಿ ಬಿಟ್ಟು ಬಂದ್ರಾ?"

"ಇಲ್ಲ, ಕಂಪನಿಯವರೇ ಕೊಡೋದಿಲ್ಲ."

ಅವನು ಕಾರನ್ನು ಒಂದು ಸುತ್ತು ಬಂದ. "ಇಷ್ಟು ದುಡ್ಡು ಕೊಟ್ಟು?" ಅಂದ. ನನ್ನ ಬಳಿ ಉತ್ತರವಿರಲಿಲ್ಲ. ಅವನ ಚಕ್ರ ನಮ್ಮದಕ್ಕೆ ಕೂರುವುದಿಲ್ಲ. ಸಿಗ್ನಲ್ ಸಿಕ್ಕ ಕೂಡಲೇ ಕಾರ್ಕಳದ ನಂಬರಿಗೆ ಫೋನ್ ಮಾಡುತ್ತೇನೆ ಎಂದ. "ಟೈರ್ ಸೈಜ್ ಎಷ್ಟು ಅಕ್ಕ? ನಟ್ಟು ನಾಲ್ಕಾ ಐದಾ? ಅದು ಹೇಳದಿದ್ರೆ ಅವರು ಸುಮ್ನೆ ಬಂದು ನೋಡಿ ಹೋಗ್ಬೇಕಾಗ್ತದೆ."

ಮಂಡಿಯೂರಿ ಕುಳಿತು, ಮೊದಲ ಬಾರಿಗೆ, ನನ್ನದೇ ಕಾರಿನ ಟೈರಿನ ಮೇಲೆ ಬರೆದದ್ದನ್ನು ಓದಿದೆ. 215/60 ಆರ್16, ಪಕ್ಕದಲ್ಲಿ 95. ಅಗಲ 215 ಮಿಲಿಮೀಟರು, ಪಕ್ಕೆಯ ಎತ್ತರ ಅದರ ಶೇ. 60, ರಿಮ್ಮಿನ ವ್ಯಾಸ 16 ಇಂಚು. 95 ಎಂದರೆ ಆ ಒಂದು ಟೈರು 690 ಕಿಲೋ ಹೊರಬಲ್ಲದು. ಬೇರೆ ಕಡೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಸೀಮಂತದ ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಅಳತೆ, ನಟ್ಟಿನ ಸಂಖ್ಯೆ, ಕಾರಿನ ಮಾದರಿ ಬರೆದು ಕೊಟ್ಟೆ. ಹುಡುಗ ಹೋಗುವ ಮುಂಚೆ ಡಿಕ್ಕಿಯ ಪಕ್ಕದ ಸಂದಿಯಿಂದ ಕೆಂಪು ತ್ರಿಕೋನ ಎಳೆದು, ಬಿಡಿಸಿ, ನಾವು ಬಂದ ತಿರುವಿನ ಆಚೆಗೆ ಇಟ್ಟುಬಂದ. ಕಾರಿನಿಂದ ಐವತ್ತು ಮೀಟರಾದರೂ ಹಿಂದಿರಬೇಕು, ತಿರುವಿದ್ದರೆ ತಿರುವಿಗಿಂತ ಮೊದಲೇ ಇರಬೇಕು ಎಂದು ಹೇಳಿದವನು ಅವನೇ. ಅಂಥದ್ದೊಂದು ನಮ್ಮ ಕಾರಿನಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಕಾಯುವ ಹೊತ್ತು ಬಹಳ ಉದ್ದ. ಗಸ್ತಿನ ಅರಣ್ಯ ಸಿಬ್ಬಂದಿಯೊಬ್ಬರು ಬೈಕಿನಲ್ಲಿ ಬಂದು, ಇಲ್ಲಿ ನಿಲ್ಲಿಸುವ ಹಾಗಿಲ್ಲ ಎಂದು ಶುರು ಮಾಡಿದವರು ಚಕ್ರ ನೋಡಿ ಸುಮ್ಮನಾದರು, ಇಳಿದು ಓಡಾಡಬೇಡಿ ಎಂದು ಹೇಳಿ ಹೋದರು. ಇಂಬಳ ಎರಡು ಕಾರಿನ ಒಳಗೇ ಬಂದಿದ್ದವು. ಅತ್ತೆ ಕಜ್ಜಾಯದ ಡಬ್ಬ ತೆರೆದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಮಧ್ಯಾಹ್ನ ಕಳೆದ ಮೇಲೆ ನಾದಿನಿಯ ಗಂಡ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ಗ್ಯಾರೇಜಿಗೆ ರಿಪೇರಿಗೆ ಬಂದಿದ್ದ ಅದೇ ಮಾದರಿಯ ಕಾರೊಂದರ ಚಕ್ರವನ್ನು, ಆ ಮಾಲೀಕರಿಗೆ ಫೋನ್ ಮಾಡಿ ಕೇಳಿ, ಬಿಚ್ಚಿ ತಂದಿದ್ದರು. ಚೀಟಿಯ ಅಳತೆ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಹಾಕಲು ಕಾಲು ಗಂಟೆ ಸಾಕಾಯಿತು. ಸೀಮಂತದ ಆರತಿ ಆಗಿಹೋಗಿತ್ತು, ಎಲೆ ಎತ್ತಿದ್ದರು. ಮೊಮ್ಮಗಳ ಮಡಿಲು ತುಂಬಬೇಕಾಗಿದ್ದ ಅಜ್ಜಿ ಸಂಜೆಗೆ ಬಂದು ತುಂಬಿದರು. ಯಾಕೆ ತಡ ಎಂದು ಕೇಳಿದವರಿಗೆಲ್ಲ ಅತ್ತೆ ಒಂದೇ ಉತ್ತರ ಕೊಟ್ಟರು: "ಕಾರಿಗೆ ಚಳಿ ಆಗಿತ್ತು."

ಹೊಸ ಟೈರಿನ ದುಡ್ಡು ಪೂರ್ತಿ ಕೈಯಿಂದಲೇ ಹೋಯಿತು. ಕಾರಿಗೆ ಬೇರೆ ಪೆಟ್ಟಾಗದೆ ಬರೀ ಟೈರು ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಇನ್ಶೂರೆನ್ಸ್ ಕೊಡುವುದಿಲ್ಲ, ಟೈರಿಗೆಂದೇ ಬೇರೆ ರಕ್ಷಣೆ ಕೊಂಡಿರಬೇಕು. ಇದೂ ಪಾಲಿಸಿಯ ಕಾಗದದಲ್ಲಿ ಇತ್ತು.

ನಂತರ ನಾನು ಕೊಪ್ಪದ ಪಂಕ್ಚರ್ ಅಂಗಡಿಯವರ ಹತ್ತಿರ ಪಾಠ ಹೇಳಿಸಿಕೊಂಡೆ. ಹಳೆಯ ಟೈರೊಂದಕ್ಕೆ ಅವರೇ ಮೊಳೆ ಹೊಡೆದು ಕೊಟ್ಟರು. ಮೊಳೆ ಕಿತ್ತು, ಗರಗಸದ ಹಲ್ಲಿನ ಸೂಜಿಯನ್ನು ತೂತಿಗೆ ತೂರಿಸಿ ಒರಟು ಮಾಡಿ, ಅಂಟು ಹಚ್ಚಿದ ರಬ್ಬರ್ ಪಟ್ಟಿಯನ್ನು ಇನ್ನೊಂದು ಸೂಜಿಯ ಕಣ್ಣಿಗೆ ಪೋಣಿಸಿ ಒಳಗೆ ತಳ್ಳಿ, ಸೂಜಿಯನ್ನು ಮಾತ್ರ ಸರಕ್ಕನೆ ಎಳೆಯಬೇಕು. ಹೇಳುವಷ್ಟು ಸುಲಭವಲ್ಲ, ತೋಳಿನ ಶಕ್ತಿ ಪೂರ್ತಿ ಬೇಕು. ಮೊದಲ ಸಲ ಪಟ್ಟಿಯೂ ಸೂಜಿಯ ಜೊತೆ ವಾಪಸು ಬಂತು. ಅವರು ಇನ್ನೊಂದು ಮಾತು ಹೇಳಿದರು: ಮೊಳೆ ಕಂಡ ಕೂಡಲೇ ಕೀಳಬಾರದು. ನಿಧಾನವಾಗಿ ಗಾಳಿ ಬಿಡುತ್ತಿದ್ದರೆ ಆ ಮೊಳೆಯೇ ಬಿರಡೆ, ಗಾಳಿ ತುಂಬಿಸಿಕೊಂಡು ಅಂಗಡಿಯವರೆಗೆ ಬಂದುಬಿಡಬಹುದು. ಬಾಟಲಿಯ ದ್ರವದ ಬಗ್ಗೆ ಅವರಿಗೆ ಸಿಟ್ಟಿದೆ, ಒಳಗೆಲ್ಲ ಅಂಟಿಕೊಂಡು ತೊಳೆಯುವಷ್ಟರಲ್ಲಿ ಸಾಕಾಗುತ್ತದೆಯಂತೆ. ಬೇರೆ ದಾರಿ ಇಲ್ಲದಾಗ ಮಾತ್ರ ಹಾಕಿ ಎಂದರು. ಆ ಬಾಟಲಿಗೂ ಆಯುಸ್ಸಿದೆ, ಕೆಲವು ವರ್ಷ ಕಳೆದರೆ ಒಳಗೇ ಗಟ್ಟಿಯಾಗುತ್ತದೆ, ತಾರೀಖು ನೋಡಿ ಬದಲಿಸಬೇಕು.

ಈಗ ನನ್ನ ಕಾರಿನಲ್ಲಿ ಪಂಪಿನ ಜೊತೆ ಆ ಸೂಜಿಗಳ ಕಿಟ್ಟಿದೆ, ಗಾಳಿ ನೋಡುವ ಪುಟ್ಟ ಗೇಜು, ಟಾರ್ಚು, ಕೈಗವಸು, ಕೂರಲು ಒಂದು ಗೋಣಿಚೀಲ. ಟೈರಿನ ಅಳತೆಯನ್ನು ಫೋಟೊ ತೆಗೆದು ಫೋನಿನಲ್ಲಿಟ್ಟಿದ್ದೇನೆ, ಗಂಡನ ಫೋನಿಗೂ ಕಳಿಸಿದ್ದೇನೆ. ಅದೇ ಅಳತೆಯ ರಿಮ್ಮು ಟೈರು ಒಂದು ಜೊತೆ ಕೊಂಡು, ಜಾಕಿ, ಸ್ಪ್ಯಾನರು ಸೇರಿಸಿ ಮನೆಯ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪೇಟೆಯೊಳಗೆ ಓಡಾಡುವಾಗ ಬೇಡ, ಸಿಗ್ನಲ್ ಇಲ್ಲದ ಕಾಡು ದಾಟುವ ದಿನ ಅದು ಡಿಕ್ಕಿಗೆ ಬರುತ್ತದೆ. ಹಲಸಿನ ಹಣ್ಣು ಒಂದು ಕಡಿಮೆ ಹಿಡಿಸುತ್ತದೆ. ತೂಕ ಉಳಿಸಲೆಂದು ಕಂಪನಿ ತೆಗೆದದ್ದನ್ನು ನಾನು ವಾಪಸು ಹೇರಿದ್ದಕ್ಕೆ ಬ್ಯಾಟರಿ ಒಂದೆರಡು ಕಿಲೋಮೀಟರು ಕಡಿಮೆ ಓಡಬಹುದು, ಓಡಲಿ. ಕೊಟ್ಟಿಗೆಯಲ್ಲಿರುವ ಆ ಚಕ್ರಕ್ಕೂ ತಿಂಗಳಿಗೊಮ್ಮೆ ಗಾಳಿ ನೋಡುತ್ತೇನೆ. ಗಾಳಿಯಿಲ್ಲದ ಸ್ಟೆಪ್ನಿ ಹೊತ್ತು ತಿರುಗುವವರನ್ನೂ ಕಂಡಿದ್ದೇನೆ.

ಸ್ಟೆಪ್ನಿ ಇಲ್ಲದ ಕಾರನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನೊಳಗೆ, ಬೆಂಗಳೂರು ಮೈಸೂರು ನಡುವೆ, ಆ ಪುಟ್ಟ ಪೆಟ್ಟಿಗೆ ಸಾಕು. ಆದರೆ ಮಾಳ, ಚಾರ್ಮಾಡಿ, ಆಗುಂಬೆ ಇಳಿಯುವವರು ನೀವಾಗಿದ್ದರೆ, ನಿಮ್ಮ ಕಾರಿನ ಹಾಸಿನಡಿ ಏನಿದೆ ಎಂಬುದನ್ನು ನೋಡದೆ ಹೇಳಬಲ್ಲಿರಾ? ಚಕ್ರವೋ ಬಾಟಲಿಯೋ, ಬಾಟಲಿಯಾದರೆ ಅದರ ತಾರೀಖೇನು, ಜಾಕಿ ಇದೆಯೋ ಇಲ್ಲವೋ? ಹೇಳಲಾಗದಿದ್ದರೆ ಈ ಪುಟ ಮಡಚಿಟ್ಟು ಈಗಲೇ ಹೋಗಿ ನೋಡಿ ಬನ್ನಿ. ಹಳದಿ ದೀಪ ಉರಿಯುತ್ತಿದ್ದರೆ ಹಾಗೇ ಪಂಕ್ಚರ್ ಅಂಗಡಿಗೆ ಹೊರಡಿ.